ಮೇಲೆ ಟೊಮೆಟೊ, ಕೆಳಗೆ ಆಲೂಗಡ್ಡೆ: ಊಟಕ್ಕೆ ಯೋಗ್ಯವೇ?

ಹುಳಿ ಮಾಡಲು ಹೊರಟ ಮನೆಯಾಕೆ ಹಿತ್ತಿಲಿಗೆ ಹೋಗಿ ಒಂದು ಗಿಡದ ಮೇಲಿನಿಂದ ನಾಲ್ಕು ಟೊಮೆಟೊ ಕಿತ್ತು, ಅದೇ ಗಿಡದ ಬುಡವನ್ನು ಕೆದಕಿ ಎರಡು ಆಲೂಗಡ್ಡೆ ತೆಗೆದುಕೊಂಡು ಒಳಗೆ ಬಂದರೆ ಹೇಗಿರುತ್ತದೆ? ಕೇಳಲು ಅಜ್ಜಿಕಥೆಯಂತಿದ್ದರೂ ಇದು ಸುಳ್ಳಲ್ಲ. ಆಲೂಗಡ್ಡೆಯ ಬೇರಿನ ಮೇಲೆ ಟೊಮೆಟೊದ ಕುಡಿಯನ್ನು ಕಸಿ ಕಟ್ಟಿ ಇಂಥ ಜೋಡಿಗಿಡ ಬೆಳೆಸಬಹುದು. ‘ಪೊಮ್ಯಾಟೊ’ ಎಂದು ಇದಕ್ಕೆ ಹೆಸರು. ಇಂಗ್ಲೆಂಡಿನ ಬೀಜ ಕಂಪನಿ ಥಾಂಪ್ಸನ್ ಅಂಡ್ ಮಾರ್ಗನ್ 2013ರಲ್ಲಿ ಇಂಥ ಕಸಿ ಸಸಿಗಳನ್ನು ‘ಟಾಮ್‌ಟಾಟೊ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಾಗ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಅದರ ಚಿತ್ರ ಬಂದಿತ್ತು. ಈಗ ನಮ್ಮ ಊರುಗಳಲ್ಲೂ ಮಹಡಿಯ ಮೇಲೆ ಕುಂಡ, ಚೀಲಗಳಲ್ಲಿ ತರಕಾರಿ ಬೆಳೆಯುವವರು ಇದರ ಕಡೆ ಆಸೆಯಿಂದ ನೋಡುತ್ತಿದ್ದಾರೆ.

ಆಸೆಯ ಜೊತೆಗೆ ಅಂಜಿಕೆಯೂ ಇದೆ. ಆಲೂಗಡ್ಡೆ ಗಿಡದ ಸೊಪ್ಪು, ಕಾಯಿ ವಿಷವೆಂದು ಕೇಳಿದ್ದೇವೆ. ಅದರ ಬೇರಿನಿಂದ ಆಹಾರ ಪಡೆದ ಟೊಮೆಟೊಕ್ಕೂ ಆ ವಿಷ ಏರುವುದಿಲ್ಲವೇ? ಮಕ್ಕಳಿಗೆ ಕೊಡಬಹುದೇ? ಇಳುವರಿ ನಿಜವಾಗಿಯೂ ಎರಡು ಪಟ್ಟಾಗುತ್ತದೆಯೇ? ಈ ಪ್ರಶ್ನೆಗಳು ಸಹಜವಾದವು; ಉತ್ತರವೂ ಕಷ್ಟದ್ದಲ್ಲ. ಸರಿಯಾಗಿ ಕಟ್ಟಿದ ಈ ಕಸಿಗಿಡದ ಹಣ್ಣು, ಗಡ್ಡೆ ಎರಡೂ ಊಟಕ್ಕೆ ಯೋಗ್ಯ. ಅಪಾಯವಿರುವುದು ಕಸಿಯಲ್ಲಲ್ಲ, ಬೇರೆ ಕಡೆ. ಅದು ಎಲ್ಲಿ ಎಂಬುದನ್ನು ತಿಳಿದಿರುವುದು ಮುಖ್ಯ.

ಇಬ್ಬರೂ ಒಂದೇ ಮನೆಯವರು

ಟೊಮೆಟೊ, ಆಲೂಗಡ್ಡೆ, ಬದನೆ, ಮೆಣಸಿನಕಾಯಿ, ನಮ್ಮ ಗಣಿಕೆ ಸೊಪ್ಪು, ಹೊಗೆಸೊಪ್ಪು, ಉಮ್ಮತ್ತಿ ಎಲ್ಲವೂ ಒಂದೇ ಸಸ್ಯಕುಟುಂಬಕ್ಕೆ ಸೇರಿದವು. ಟೊಮೆಟೊ ಮತ್ತು ಆಲೂಗಡ್ಡೆಯಂತೂ ಬಹಳ ಹತ್ತಿರದ ಬಂಧುಗಳು. ಎರಡರ ತವರೂ ದಕ್ಷಿಣ ಅಮೆರಿಕವೇ. ಹತ್ತಿರದ ಬಂಧುಗಳಾದ್ದರಿಂದಲೇ ಒಂದರ ಕಾಂಡ ಇನ್ನೊಂದರ ಕಾಂಡಕ್ಕೆ ಸುಲಭವಾಗಿ ಬೆಸೆದುಕೊಳ್ಳುತ್ತದೆ. ಹುಳಿಮಾವಿನ ಗಿಡಕ್ಕೆ ಬಾದಾಮಿ ಮಾವಿನ ಕುಡಿ ಕಟ್ಟುವುದನ್ನು ನೀವು ನೋಡಿರಬಹುದು. ಇದೂ ಅದೇ ವಿದ್ಯೆ. ಬೇರಿರುವ ಕೆಳಭಾಗಕ್ಕೆ ಬೇರುಸಸಿ ಎನ್ನುತ್ತಾರೆ, ಮೇಲೆ ಕಟ್ಟುವ ಭಾಗಕ್ಕೆ ಕುಡಿ ಎನ್ನುತ್ತಾರೆ.

ಕಸಿ ಕಟ್ಟಿದಾಗ ಎರಡು ಗಿಡಗಳು ಕಲೆತು ಮೂರನೆಯ ಜಾತಿಯೊಂದು ಹುಟ್ಟುತ್ತದೆ ಎಂದು ಕೆಲವರು ಭಾವಿಸುತ್ತಾರೆ. ಹಾಗಲ್ಲ. ಬೆಸುಗೆಯ ಮೇಲಿನದು ಕೊನೆಯವರೆಗೂ ಟೊಮೆಟೊ, ಕೆಳಗಿನದು ಕೊನೆಯವರೆಗೂ ಆಲೂಗಡ್ಡೆ. ಈ ಗಿಡದ ಟೊಮೆಟೊ ಬೀಜ ಬಿತ್ತಿದರೆ ಬರಿಯ ಟೊಮೆಟೊ ಹುಟ್ಟುತ್ತದೆ, ಗಡ್ಡೆ ನೆಟ್ಟರೆ ಬರಿಯ ಆಲೂಗಡ್ಡೆ ಬರುತ್ತದೆ. ಜೋಡಿಗಿಡ ಬೇಕೆಂದರೆ ಪ್ರತಿ ಬಾರಿಯೂ ಹೊಸದಾಗಿ ಕಸಿ ಕಟ್ಟಲೇಬೇಕು.

ಎರಡರ ಜೀವಕೋಶಗಳನ್ನೇ ಬೆರೆಸಿ ನಿಜವಾದ ಮಿಶ್ರತಳಿ ಪಡೆಯುವ ಪ್ರಯತ್ನವೂ ನಡೆದದ್ದುಂಟು. 1978ರಲ್ಲಿ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಗೇಯೋರ್ಗ್ ಮೆಲ್ಕರ್ಸ್ ಮತ್ತು ಸಂಗಡಿಗರು ಅಂಥ ಗಿಡವನ್ನು ಪ್ರಯೋಗಾಲಯದಲ್ಲಿ ಪಡೆದರು. ಆದರೆ ಅದರಿಂದ ಅಡಿಗೆಮನೆಗೆ ಒಳ್ಳೆಯ ಹಣ್ಣೂ ಸಿಗಲಿಲ್ಲ, ಗಡ್ಡೆಯೂ ಸಿಗಲಿಲ್ಲ. ನಾವಿಲ್ಲಿ ಹೇಳುತ್ತಿರುವುದು ಅದಲ್ಲ. ಚಾಕು, ದಾರ, ತಾಳ್ಮೆಗಳಿಂದ ಆಗುವ ಸಾಮಾನ್ಯ ಕಸಿ.

ಬೆಸುಗೆಯನ್ನು ಏನೇನು ದಾಟುತ್ತದೆ?

ಬೇರು ಹೀರಿದ ನೀರು, ಲವಣಗಳು ಸೂಕ್ಷ್ಮ ನಾಳಗಳ ಮೂಲಕ ಬೆಸುಗೆಯನ್ನು ದಾಟಿ ಮೇಲೇರುತ್ತವೆ. ಎಲೆಗಳು ಬಿಸಿಲಿನಲ್ಲಿ ತಯಾರಿಸಿದ ಸಕ್ಕರೆ ಬೇರೆ ನಾಳಗಳ ಮೂಲಕ ಕೆಳಗಿಳಿದು ಗಡ್ಡೆಯಲ್ಲಿ ಪಿಷ್ಟವಾಗಿ ಶೇಖರವಾಗುತ್ತದೆ. ಹಾಗಾದರೆ ವಿಷವಸ್ತುಗಳ ಗತಿಯೇನು?

ಆಲೂಗಡ್ಡೆ ಗಿಡದಲ್ಲಿ ಸೋಲನಿನ್, ಚಾಕೊನಿನ್ ಎಂಬ ಎರಡು ಕಹಿ ವಿಷವಸ್ತುಗಳಿವೆ. ಟೊಮೆಟೊ ಗಿಡದಲ್ಲಿ ಅದೇ ಬಳಗದ ಟೊಮ್ಯಾಟಿನ್ ಇದೆ. ಕೀಟ, ಶಿಲೀಂಧ್ರಗಳಿಂದ ತನ್ನನ್ನು ಕಾಪಾಡಿಕೊಳ್ಳಲು ಗಿಡ ಇವನ್ನು ತಯಾರಿಸಿಕೊಳ್ಳುತ್ತದೆ. ಈ ವಸ್ತುಗಳು ಎಲ್ಲಿ ತಯಾರಾಗುತ್ತವೆಯೋ ಹೆಚ್ಚಾಗಿ ಅಲ್ಲಿಯೇ ಉಳಿಯುತ್ತವೆ. ಗಿಡದ ಉದ್ದಕ್ಕೂ ಹರಿದಾಡುವುದಿಲ್ಲ. ಟೊಮೆಟೊ ಮತ್ತು ಆಲೂಗಡ್ಡೆಯನ್ನು ಮೇಲೆ ಕೆಳಗೆ ಅದಲುಬದಲು ಕಸಿ ಮಾಡಿ ಪರೀಕ್ಷಿಸಿದ ವಿಜ್ಞಾನಿಗಳು ಇದನ್ನೇ ಕಂಡರು. ಆದ್ದರಿಂದ ಆಲೂಗಡ್ಡೆ ಬೇರಿನ ಮೇಲೆ ಮಾಗಿದ ಟೊಮೆಟೊವನ್ನು ಸಂಶಯವಿಲ್ಲದೆ ತಿನ್ನಬಹುದು.

ಟೊಮ್ಯಾಟಿನ್ ಎಳೆಯ ಹಸಿರು ಕಾಯಿಯಲ್ಲಿ ಹೆಚ್ಚು. ಹಣ್ಣು ಮಾಗಿ ಕೆಂಪಾಗುತ್ತ ಬಂದಂತೆ ಬಹುಮಟ್ಟಿಗೆ ಇಲ್ಲವಾಗುತ್ತದೆ. ಬಲಿತ ಟೊಮೆಟೊ ಕಾಯಿಯ ಚಟ್ನಿ, ಗೊಜ್ಜನ್ನು ಅಪರೂಪಕ್ಕೆ ಮಿತವಾಗಿ ತಿಂದರೆ ಹೆದರಬೇಕಾಗಿಲ್ಲ. ಎಳೆಗಾಯಿಯನ್ನು ಮಾತ್ರ ಬಿಡುವುದು ಲೇಸು.

ಉಮ್ಮತ್ತಿಯ ಬೇರು ಬೇಡವೇ ಬೇಡ

ಎಲ್ಲ ಬೇರುಗಳೂ ಆಲೂಗಡ್ಡೆಯ ಬೇರಿನಷ್ಟು ಸಾಧುವಲ್ಲ. ಕೆಲವು ಗಿಡಗಳು ತಮ್ಮ ವಿಷವನ್ನು ಬೇರಿನಲ್ಲಿಯೇ ತಯಾರಿಸಿ ನೀರಿನ ಜೊತೆ ಮೇಲಕ್ಕೆ ಕಳಿಸುತ್ತವೆ. ಹೊಗೆಸೊಪ್ಪಿನ ನಿಕೋಟಿನ್ ಹುಟ್ಟುವುದು ಬೇರಿನಲ್ಲಿ. ಟೊಮೆಟೊ ಬೇರಿನ ಮೇಲೆ ಹೊಗೆಸೊಪ್ಪಿನ ಕುಡಿ ಕಟ್ಟಿದರೆ ಅದರ ಎಲೆಯಲ್ಲಿ ನಿಕೋಟಿನ್ ಬಹುತೇಕ ಇರುವುದೇ ಇಲ್ಲ. ಅದೇ ಹೊಗೆಸೊಪ್ಪಿನ ಬೇರಿನ ಮೇಲೆ ಟೊಮೆಟೊ ಕಟ್ಟಿದರೆ ಟೊಮೆಟೊದ ಎಲೆಗೂ ನಿಕೋಟಿನ್ ಏರುತ್ತದೆ. 1940ರ ದಶಕದಲ್ಲಿಯೇ ಇದು ಪ್ರಯೋಗಗಳಿಂದ ಸ್ಪಷ್ಟವಾಗಿತ್ತು.

ಉಮ್ಮತ್ತಿಯ ವಿಷಯ ಇನ್ನೂ ಗಂಭೀರವಾದದ್ದು. ಅದರ ಅಟ್ರೊಪಿನ್ ಮೊದಲಾದ ವಿಷಗಳು ತಯಾರಾಗುವುದೂ ಮುಖ್ಯವಾಗಿ ಬೇರಿನಲ್ಲಿ. 1960ರ ದಶಕದಲ್ಲಿ ಅಮೆರಿಕದ ಟೆನೆಸಿ ರಾಜ್ಯದಲ್ಲಿ ಉಮ್ಮತ್ತಿ ಜಾತಿಯ ಗಿಡಕ್ಕೆ ಕಸಿ ಕಟ್ಟಿ ಬೆಳೆದ ಟೊಮೆಟೊ ತಿಂದು ಒಂದು ಕುಟುಂಬದವರು ವಿಷಪ್ರಾಶನಕ್ಕೊಳಗಾದರು. ಹಣ್ಣು ನೋಡಲು ಎಲ್ಲ ಟೊಮೆಟೊಗಳಂತೆಯೇ ಇರುವುದರಿಂದ ತಿನ್ನುವವರಿಗೆ ಗುರುತು ಹತ್ತುವುದಿಲ್ಲ.

ಉಮ್ಮತ್ತಿ ಯಾವ ಆರೈಕೆಯೂ ಇಲ್ಲದೆ ಬೇಲಿಯ ಬದಿಯಲ್ಲಿ ಹುಲುಸಾಗಿ ಬೆಳೆಯುತ್ತದೆ. ಅದನ್ನು ನೋಡಿದ ಉತ್ಸಾಹಿಗಳಿಗೆ ‘ಇಷ್ಟು ಗಟ್ಟಿ ಬೇರು, ಇದಕ್ಕೇಕೆ ಟೊಮೆಟೊ ಕಟ್ಟಬಾರದು?’ ಎನ್ನಿಸಬಹುದು. ಎಂದಿಗೂ ಕೂಡದು. ಸೊರಗು ರೋಗ ತಡೆಯುವ ಬೇರು ಬೇಕಾದವರಿಗೆ ಬದನೆಯ ತಾಳಿಕೆಯುಳ್ಳ ತಳಿಗಳಿವೆ, ಸುಂಡೆಕಾಯಿ ಗಿಡವಿದೆ. ಇವೆರಡೂ ನಮ್ಮ ಜನ ತಿಂದು ಅರಗಿಸಿಕೊಂಡ ಗಿಡಗಳು. ತಾನು ತಿನ್ನದ ಕಾಡುಗಿಡದ ಬೇರಿಗೆ ತಾನು ತಿನ್ನುವ ತರಕಾರಿಯನ್ನು ಕಟ್ಟಬಾರದು ಎಂಬ ನಿಯಮವನ್ನು ನೆನಪಿಟ್ಟರೆ ಸಾಕು.

ಹಸಿರು ಗಡ್ಡೆಯ ಅಪಾಯ

ಜೋಡಿಗಿಡದಲ್ಲಿ ನೀವು ನಿಜವಾಗಿ ಎಚ್ಚರ ವಹಿಸಬೇಕಾದದ್ದು ಟೊಮೆಟೊ ವಿಷಯದಲ್ಲಲ್ಲ, ಕೆಳಗಿನ ಗಡ್ಡೆಯ ವಿಷಯದಲ್ಲಿ. ಬೆಳಕು ತಾಗಿದ ಆಲೂಗಡ್ಡೆಯ ಸಿಪ್ಪೆ ಹಸಿರಾಗುತ್ತದೆ. ಆ ಹಸಿರು ಬಣ್ಣ ಎಲೆಗಳಲ್ಲಿರುವ ಪತ್ರಹರಿತ್ತೇ, ಅದರಿಂದ ಕೇಡಿಲ್ಲ. ಆದರೆ ಬೆಳಕು ಪತ್ರಹರಿತ್ತಿನ ಜೊತೆಗೆ ಸೋಲನಿನ್ ಪ್ರಮಾಣವನ್ನೂ ಏರಿಸುತ್ತದೆ. ಹಸಿರು ಬಣ್ಣ ಎಚ್ಚರಿಕೆಯ ಗುರುತು ಮಾತ್ರ. ಮೊಳಕೆಯೊಡೆದ ಕಣ್ಣುಗಳಲ್ಲಿ, ಪೆಟ್ಟು ತಿಂದ ಜಾಗಗಳಲ್ಲಿಯೂ ಈ ವಿಷ ಹೆಚ್ಚಾಗಿರುತ್ತದೆ.

ಆಲೂಗಡ್ಡೆಯಲ್ಲಿ ಈ ವಿಷವಸ್ತುಗಳು ಒಟ್ಟಾರೆ ಕಿಲೋಗೆ 200 ಮಿಲಿಗ್ರಾಂ ಮೀರಬಾರದು ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಮಿತಿ. ಮಾರುಕಟ್ಟೆಯ ಒಳ್ಳೆಯ ಗಡ್ಡೆಗಳಲ್ಲಿ ಸಾಮಾನ್ಯವಾಗಿ ಇದಕ್ಕಿಂತ ಬಹಳ ಕಡಿಮೆ ಇರುತ್ತದೆ. ದೇಹತೂಕದ ಪ್ರತಿ ಕಿಲೋಗೆ 1 ಮಿಲಿಗ್ರಾಂನಷ್ಟು ಒಳಗೆ ಹೋದರೂ ಕೆಲವರಲ್ಲಿ ಹೊಟ್ಟೆ ಕೆಡಬಹುದೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ಹೇಳಿದೆ. ಲೆಕ್ಕ ಹಾಕಿ ನೋಡಿ. ಕಿಲೋಗೆ 200 ಮಿಲಿಗ್ರಾಂ ಇರುವ ಗಡ್ಡೆಯಾದರೆ 50 ಕಿಲೋ ತೂಕದ ದೊಡ್ಡವರಿಗೆ ಆ ಪ್ರಮಾಣ ತಲುಪಲು ಕಾಲು ಕಿಲೋ ಗಡ್ಡೆ ಬೇಕು. 15 ಕಿಲೋ ತೂಕದ ಮಗುವಿಗೆ 75 ಗ್ರಾಂ, ಅಂದರೆ ಒಂದು ಸಣ್ಣ ಗಡ್ಡೆ ಸಾಕು. ಹಸಿರು ಗಡ್ಡೆಯನ್ನು ಮಕ್ಕಳ ತಟ್ಟೆಯಿಂದ ದೂರವಿಡಬೇಕೆನ್ನುವುದು ಇದಕ್ಕೇ.

ಲಂಡನ್ನಿನ ಒಂದು ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ 78 ಹುಡುಗರು ವಾಂತಿ, ಭೇದಿ, ಹೊಟ್ಟೆನೋವುಗಳಿಂದ ನರಳಿದ ಪ್ರಸಂಗವನ್ನು ಅಲ್ಲಿನ ವೈದ್ಯರು 1979ರಲ್ಲಿ ಪ್ರಕಟಿಸಿದರು. ಅವರಲ್ಲಿ 17 ಮಂದಿಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಹಿಂದಿನ ಅವಧಿಯಿಂದ ಉಳಿದಿದ್ದ ಹಳೆಯ ಆಲೂಗಡ್ಡೆಯ ಮೇಲೆ ಅನುಮಾನ ಬಿತ್ತು. ಅದೃಷ್ಟಕ್ಕೆ ಎಲ್ಲರೂ ಚೇತರಿಸಿಕೊಂಡರು.

‘ಚೆನ್ನಾಗಿ ಬೇಯಿಸಿದರೆ ವಿಷ ಹೋಗುವುದಿಲ್ಲವೇ?’ ಎಂದು ಕೇಳುವವರುಂಟು. ಹೋಗುವುದಿಲ್ಲ. ಸೋಲನಿನ್ ಕುದಿಯುವ ನೀರಿನ ಶಾಖಕ್ಕೆ ಜಗ್ಗುವಂಥದ್ದಲ್ಲ. ಎಣ್ಣೆಯಲ್ಲಿ ಕರಿದರೂ ಪೂರ್ತಿ ನಾಶವಾಗುವುದಿಲ್ಲ. ಆದರೆ ಇದು ಹೆಚ್ಚಾಗಿ ಸಿಪ್ಪೆಯಲ್ಲಿ ಮತ್ತು ಅದರ ಕೆಳಗಿನ ತೆಳುಪದರದಲ್ಲಿ ಇರುವುದರಿಂದ ದಪ್ಪನಾಗಿ ಸಿಪ್ಪೆ ಹೆರೆದರೆ ಬಹುಪಾಲು ಹೊರಗೆ ಹೋಗುತ್ತದೆ. ಅಲ್ಲಲ್ಲಿ ಸ್ವಲ್ಪ ಹಸಿರಿದ್ದರೆ ಆ ಭಾಗವನ್ನು ಆಳವಾಗಿ ಕತ್ತರಿಸಿ ತೆಗೆಯಿರಿ. ಗಡ್ಡೆಯ ಬಹುಭಾಗ ಹಸಿರಾಗಿದ್ದರೆ ಗೊಬ್ಬರದ ಗುಂಡಿಗೆ ಹಾಕಿ. ದನಕರುಗಳಿಗೂ ಹಾಕಬೇಡಿ. ಪಲ್ಯ ಬಾಯಿಗಿಟ್ಟೊಡನೆ ಕಹಿಯೆನಿಸಿ ಗಂಟಲಲ್ಲಿ ಉರಿಯಾದರೆ ಮುಂದಿನ ತುತ್ತು ಬೇಡ.

ಕಸಿಗಿಡದಲ್ಲಿ ಈ ಅಪಾಯ ಏಕೆ ಹೆಚ್ಚು?

ಹಾಸನದ ಕಡೆಯ ರೈತರನ್ನು ಕೇಳಿ ನೋಡಿ. ಆಲೂಗಡ್ಡೆ ಬೆಳೆಯುತ್ತಿದ್ದಂತೆ ಸಾಲಿಗೆ ಮಣ್ಣು ಏರಿಸುತ್ತಾರೆ. ಗಡ್ಡೆ ಬಿಸಿಲಿಗೆ ಬೀಳದಿರಲೆಂದೇ ಆ ಕೆಲಸ. ಆದರೆ ಕಸಿ ಕಟ್ಟಿದ ಗಿಡಕ್ಕೆ ಬೆಸುಗೆ ಮುಚ್ಚುವಷ್ಟು ಮಣ್ಣು ಏರಿಸುವಂತಿಲ್ಲ. ಟೊಮೆಟೊ ಕಾಂಡಕ್ಕೆ ಒದ್ದೆ ಮಣ್ಣು ತಾಗಿದರೆ ಅಲ್ಲಿಂದಲೇ ಅದು ತನ್ನ ಬೇರು ಬಿಟ್ಟುಕೊಂಡು ಕೆಳಗಿನ ಆಲೂಗಡ್ಡೆಯ ಹಂಗು ತೊರೆಯುತ್ತದೆ. ಹೀಗೆಂದು ಮಣ್ಣು ಏರಿಸದೆ ಬಿಟ್ಟರೆ ಗಡ್ಡೆಗಳು ಮೇಲೆದ್ದು ಹಸಿರಾಗುತ್ತವೆ. ಇದಕ್ಕೆ ಪರಿಹಾರ ಕಸಿಯನ್ನು ಎತ್ತರದಲ್ಲಿ ಕಟ್ಟುವುದು. ಮಣ್ಣಿನಿಂದ ಐದಾರು ಅಂಗುಲ ಮೇಲೆ ಕಟ್ಟಿದರೆ ಮೂರು ಅಂಗುಲದಷ್ಟು ಮಣ್ಣು ಏರಿಸಲು ಅವಕಾಶ ಉಳಿಯುತ್ತದೆ. ಅದರ ಮೇಲೆ ಒಣಹುಲ್ಲು ಹೊದಿಸಬಹುದು. ಬಿಳಿಯ ತೆಳು ಪ್ಲಾಸ್ಟಿಕ್ ಚೀಲದಲ್ಲಿ ಬೆಳೆದರೆ ಬದಿಯಿಂದಲೂ ಬೆಳಕು ಒಳಗೆ ಹೋಗುತ್ತದೆ. ದಪ್ಪನೆಯ ಕಪ್ಪು ಚೀಲ ಇಲ್ಲವೆ ಮಣ್ಣಿನ ಕುಂಡ ಒಳ್ಳೆಯದು.

ಇನ್ನೊಂದು ಅಪಾಯ ಬೆಸುಗೆಯ ಕೆಳಗೆ ಒಡೆಯುವ ಚಿಗುರಿನದು. ಮೇಲಿನ ಕಾಂಡ ಕಡಿದರೂ ಗಡ್ಡೆಯ ಕಣ್ಣುಗಳಿಂದ ಆಲೂಗಡ್ಡೆಯ ಹೊಸ ಚಿಗುರು ಬರುತ್ತಲೇ ಇರುತ್ತದೆ. ಬಿಟ್ಟರೆ ಅವು ಕಸಿಯನ್ನು ಸೊರಗಿಸುತ್ತವೆ. ಅಷ್ಟೇ ಅಲ್ಲ, ಹೂಬಿಟ್ಟು ಸಣ್ಣ ಹಸಿರು ಟೊಮೆಟೊದಂಥ ಕಾಯಿ ಕಟ್ಟಬಹುದು. ಆಲೂಗಡ್ಡೆಯ ಈ ಕಾಯಿ ವಿಷಕಾರಿ. ಬದುವಿನ ಗಣಿಕೆ ಹಣ್ಣು ಕಿತ್ತು ತಿಂದು ಬೆಳೆದ ನಮ್ಮ ಮಕ್ಕಳಿಗೆ ಗಿಡದ ಗುಂಡು ಕಾಯಿ ಕಂಡರೆ ಬಾಯಿಗೆ ಹೋಗುವುದು ತಡವಾಗದು. ಟೊಮೆಟೊ ಗಿಡವೆಂದು ತಿಳಿದು ಬುಡದ ಕಾಯಿಯನ್ನೂ ಕಿತ್ತರೆ ತೊಂದರೆ. ಆದ್ದರಿಂದ ವಾರಕ್ಕೊಮ್ಮೆ ಬುಡ ನೋಡಿ, ಬೆಸುಗೆಯ ಕೆಳಗಿನ ಚಿಗುರನ್ನು ಚಿವುಟಿ ಹಾಕಿ. ಆ ಚಿಗುರನ್ನು ಸೊಪ್ಪಿನ ಸಾರಿಗೂ ಬಳಸಬಾರದು.

ಇಳುವರಿ ಎರಡು ಪಟ್ಟೇ?

ಇಲ್ಲಿ ಆಸೆಗೆ ಸ್ವಲ್ಪ ಕಡಿವಾಣ ಹಾಕಬೇಕು. ಟಾಮ್‌ಟಾಟೊ ಮಾರಿದವರು ಒಂದು ಗಿಡಕ್ಕೆ 500ರವರೆಗೆ ಪುಟ್ಟ ಚೆರ್ರಿ ಟೊಮೆಟೊ ಮತ್ತು 2 ಕಿಲೋವರೆಗೆ ಆಲೂಗಡ್ಡೆ ಬರುತ್ತದೆಂದು ಹೇಳಿದ್ದರು. ಅದು ಮಾರುವವರು ಹೇಳಿದ ಗರಿಷ್ಠ ಲೆಕ್ಕ. ಗಿಡದ ದುಡಿಮೆ ಎಂದರೆ ಅದರ ಎಲೆಗಳ ದುಡಿಮೆ. ಇಲ್ಲಿ ಎಲೆಗಳಿರುವುದು ಟೊಮೆಟೊದವು ಮಾತ್ರ. ಅವು ತಯಾರಿಸಿದ ಸಕ್ಕರೆಯನ್ನು ಮೇಲಿನ ಹಣ್ಣೂ ಕೇಳುತ್ತದೆ, ಕೆಳಗಿನ ಗಡ್ಡೆಯೂ ಕೇಳುತ್ತದೆ. ಒಬ್ಬನ ಸಂಪಾದನೆಯಲ್ಲಿ ಎರಡು ಸಂಸಾರ ನಡೆದಂತೆ. ಹಣ್ಣು ಹೆಚ್ಚಾದರೆ ಗಡ್ಡೆ ಸಣ್ಣದಾಗುತ್ತದೆ, ಗಡ್ಡೆ ದಪ್ಪವಾದರೆ ಹಣ್ಣಿಗೆ ಕಡಿಮೆ ಬೀಳುತ್ತದೆ. ಲಾಭ ಇರುವುದು ಜಾಗದಲ್ಲಿ. ಎರಡು ಕುಂಡ ಇಡಲು ಸ್ಥಳವಿಲ್ಲದವರು ಒಂದರಲ್ಲೇ ಎರಡನ್ನೂ ಅಷ್ಟಿಷ್ಟು ಬೆಳೆದುಕೊಳ್ಳಬಹುದು.

ವಾರಾಣಸಿಯ ಭಾರತೀಯ ತರಕಾರಿ ಸಂಶೋಧನಾ ಸಂಸ್ಥೆ ಬದನೆಯ ಒಂದೇ ಬೇರಿನ ಮೇಲೆ ಬದನೆ, ಟೊಮೆಟೊ ಎರಡರ ಕುಡಿಯನ್ನೂ ಕಟ್ಟಿ ‘ಬ್ರಿಮ್ಯಾಟೊ’ ಬೆಳೆಸಿದೆ. 2021ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ ಗಿಡವೊಂದಕ್ಕೆ ಸುಮಾರು 2.4 ಕಿಲೋ ಟೊಮೆಟೊ, 2.7 ಕಿಲೋ ಬದನೆಕಾಯಿ ಬಂದಿತ್ತು. ಅಲ್ಲಿ ಎರಡು ಕುಡಿಗಳಿಗೂ ತಮ್ಮ ತಮ್ಮ ಎಲೆಗಳಿವೆ ಎಂಬುದನ್ನು ಗಮನಿಸಬೇಕು. ಬದನೆ ಬೇರು ನೀರು ನಿಲ್ಲುವುದನ್ನೂ ಸ್ವಲ್ಪ ತಾಳಿಕೊಳ್ಳುತ್ತದೆ. ಆಲೂಗಡ್ಡೆಯ ಬೇರಿಗೆ ಈ ಗುಣವಿಲ್ಲ. ಸೊರಗು ರೋಗ ಆಲೂಗಡ್ಡೆಗೂ ಬರುತ್ತದೆ. ಅಂಗಮಾರಿಯಂತೂ ಎರಡಕ್ಕೂ ಸಮಾನ ಶತ್ರು. ಆದ್ದರಿಂದ ರೋಗ ತಡೆಯುವ ಬೇರೆಂದು ಆಲೂಗಡ್ಡೆಯನ್ನು ಆರಿಸಿಕೊಳ್ಳಬಾರದು.

ನಾವು ಮೊದಲು ಕಂಡ ಮನೆಯಾಕೆಯ ಚಿತ್ರವನ್ನೂ ಇಲ್ಲಿ ತಿದ್ದಿಕೊಳ್ಳೋಣ. ಹುಳಿಗೆ ಬೇಕೆಂದಾಗಲೆಲ್ಲ ಬುಡ ಕೆದಕಿದರೆ ಬೇರು ಹರಿದು ಮೇಲಿನ ಟೊಮೆಟೊ ಬಾಡುತ್ತದೆ. ಹಣ್ಣಿನ ಕೊಯ್ಲು ಮುಗಿದು ಗಿಡ ಹಳದಿಯಾದ ಮೇಲೆಯೇ ಗಡ್ಡೆ ಅಗೆಯಬೇಕು.

ಕಟ್ಟಿ ನೋಡುವವರಿಗೆ

ಗಡ್ಡೆ ಕಟ್ಟಲು ತಂಪು ಬೇಕು; 15ರಿಂದ 20 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಹಿತ. ಆದ್ದರಿಂದ ನಮ್ಮಲ್ಲಿ ಚಳಿಗಾಲಕ್ಕೆ ಹೊಂದುವಂತೆ ಅಕ್ಟೋಬರ್-ನವೆಂಬರ್ ತಿಂಗಳಲ್ಲಿ ಶುರುಮಾಡುವುದು ಒಳ್ಳೆಯದು. ಆಲೂಗಡ್ಡೆಯ ಒಂದೇ ಒಂದು ಗಟ್ಟಿ ಕಾಂಡ ಉಳಿಸಿಕೊಂಡು, ಅಷ್ಟೇ ದಪ್ಪದ ಟೊಮೆಟೊ ಸಸಿ ಆರಿಸಿ. ಆಲೂಗಡ್ಡೆಯ ಕಾಂಡವನ್ನು ಅಡ್ಡಲಾಗಿ ಕಡಿದು ನಡುವೆ ಸೀಳಿ, ಟೊಮೆಟೊ ಕಾಂಡದ ತುದಿಯನ್ನು ಬೆಣೆಯಂತೆ ಕೆತ್ತಿ ಆ ಸೀಳಿನಲ್ಲಿ ಕೂರಿಸಿ, ಕ್ಲಿಪ್ಪು ಇಲ್ಲವೆ ಮೆತ್ತನೆಯ ಪಟ್ಟಿಯಿಂದ ಬಿಗಿಯಿರಿ. ಮೇಲೆ ಪಾರದರ್ಶಕ ಚೀಲ ಮುಚ್ಚಿ ನೆರಳಿನಲ್ಲಿಡಿ. ಐದಾರು ದಿನಗಳ ನಂತರ ದಿನಕ್ಕೆ ಸ್ವಲ್ಪ ಹೊತ್ತು ಚೀಲ ತೆರೆಯುತ್ತ ಬನ್ನಿ. ಎರಡು ವಾರಗಳಲ್ಲಿ ಕಸಿ ಕೂಡಿಕೊಳ್ಳುತ್ತದೆ.

ಬ್ಲೇಡು ಹೊಸದಿರಲಿ; ಸ್ಪಿರಿಟ್ಟಿನಿಂದ ಒರೆಸಿರಿ. ಬೀಡಿ ಸಿಗರೇಟು ಸೇದುವವರು, ಹೊಗೆಸೊಪ್ಪು ಜಗಿಯುವವರು ಸೋಪಿನಿಂದ ಕೈ ತೊಳೆಯದೆ ಸಸಿ ಮುಟ್ಟಬಾರದು. ಹೊಗೆಸೊಪ್ಪಿನಲ್ಲಿರುವ ಮೊಸಾಯಿಕ್ ವೈರಸ್ ಬೆರಳಿನಿಂದಲೇ ಟೊಮೆಟೊಕ್ಕೆ ಅಂಟುತ್ತದೆ. ನಿಮ್ಮ ಶ್ವಾಸಕೋಶಕ್ಕೆ ಕೆಟ್ಟದ್ದು ಗಿಡಕ್ಕೂ ಕೆಟ್ಟದ್ದೇ. ಔಷಧಿ ಸಿಂಪಡಿಸಿದರೆ ಡಬ್ಬಿಯ ಮೇಲೆ ಬರೆದಿರುವಷ್ಟು ದಿನ ಕಳೆಯುವವರೆಗೂ ಹಣ್ಣು ಕೊಯ್ಯಬೇಡಿ.

ರೋಗಿಗಳಿಗೆ ಒಂದು ಮಾತು

ಒಂದೇ ಗಿಡದ್ದೆಂಬ ಕಾರಣಕ್ಕೆ ಈ ಹಣ್ಣಿಗೆ, ಗಡ್ಡೆಗೆ ಹೊಸ ಔಷಧ ಗುಣವೇನೂ ಬಂದಿರುವುದಿಲ್ಲ. ಟೊಮೆಟೊದಲ್ಲಿ ಸಿ ಜೀವಸತ್ವ, ಕೆಂಪು ಬಣ್ಣ ಕೊಡುವ ಲೈಕೊಪಿನ್ ಇವೆ. ಆಲೂಗಡ್ಡೆಯಲ್ಲಿ ಪಿಷ್ಟ, ಪೊಟ್ಯಾಸಿಯಂ ಹೆಚ್ಚು. ಸಕ್ಕರೆ ಕಾಯಿಲೆಯವರಿಗೆ ಆಲೂಗಡ್ಡೆಯ ಮಿತಿ ಇಲ್ಲೂ ಅದೇ. ಮೂತ್ರಪಿಂಡದ ತೊಂದರೆಯಿಂದ ಪೊಟ್ಯಾಸಿಯಂ ಕಡಿಮೆ ಮಾಡಲು ವೈದ್ಯರು ಹೇಳಿದ್ದರೆ ಮನೆಯಲ್ಲೇ ಬೆಳೆದದ್ದೆಂದು ಹೆಚ್ಚು ತಿನ್ನಬಾರದು.

ಹಸಿರು ಗಡ್ಡೆ ಅಥವಾ ಆಲೂಗಡ್ಡೆಯ ಕಾಯಿ ತಿಂದ ಕೆಲವು ಗಂಟೆಗಳ ನಂತರ ವಾಕರಿಕೆ, ವಾಂತಿ, ಭೇದಿ, ಹೊಟ್ಟೆನೋವು, ತಲೆನೋವು ಕಾಣಿಸಿಕೊಳ್ಳಬಹುದು. ಕೆಲವೊಮ್ಮೆ ಮರುದಿನ ತೋರುವುದೂ ಉಂಟು. ನೀರು, ಓ.ಆರ್.ಎಸ್. ಕೊಡುತ್ತ ವೈದ್ಯರಲ್ಲಿಗೆ ಕರೆದೊಯ್ಯಿರಿ. ಮಕ್ಕಳಾದರೆ, ಅಥವಾ ಮಂಪರು, ಗೊಂದಲ ಕಂಡರೆ ಸ್ವಲ್ಪವೂ ತಡಮಾಡಬೇಡಿ. ಬಾಯಿ ಒಣಗುವುದು, ಕಣ್ಣಿನ ಪಾಪೆ ಹಿಗ್ಗುವುದು, ಮೈ ಕೆಂಪೇರುವುದು, ಎದೆ ಬಡಿತ ಜೋರಾಗುವುದು, ಅಸಂಬದ್ಧ ಮಾತು ಇವು ಉಮ್ಮತ್ತಿ ವಿಷದ ಲಕ್ಷಣಗಳು. ಆಗ ನೇರವಾಗಿ ಆಸ್ಪತ್ರೆಗೇ ಹೋಗಬೇಕು. ಉಪ್ಪುನೀರು ಕುಡಿಸಿ, ಬೆರಳು ಹಾಕಿ ವಾಂತಿ ಮಾಡಿಸುವ ಮನೆಮದ್ದು ಬೇಡ. ತಿಂದ ಕಾಯಿ ಅಥವಾ ಗಡ್ಡೆಯ ಚೂರನ್ನು ಜೊತೆಗೆ ಒಯ್ದರೆ ವೈದ್ಯರಿಗೆ ಅನುಕೂಲ.

ಇಷ್ಟು ತಿಳಿದುಕೊಂಡ ಮೇಲೆ ಹೆದರಿ ಹಿಂದೆಗೆಯಬೇಕಾಗಿಲ್ಲ. ಮಕ್ಕಳನ್ನು ಕೂರಿಸಿಕೊಂಡೇ ಒಂದು ಗಿಡಕ್ಕೆ ಕಸಿ ಕಟ್ಟಿ ನೋಡಿ. ಕಟ್ಟುವಾಗಲೇ ಬೆಸುಗೆಯ ಜಾಗವನ್ನು ಬೆರಳಿಟ್ಟು ತೋರಿಸಿ, ‘ಇದರ ಮೇಲಿನ ಕೆಂಪು ಹಣ್ಣು ನಿನ್ನದು, ಇದರ ಕೆಳಗೆ ಮಣ್ಣಿನ ಮೇಲೆ ಕಾಣುವ ಹಸಿರು ಯಾರದ್ದೂ ಅಲ್ಲ’ ಎಂದು ಹೇಳಿಕೊಡಿ. ಅಷ್ಟು ತಿಳಿದ ಮಗು ಹಿತ್ತಿಲಲ್ಲಿ ಎಲ್ಲಿ ಆಡಿದರೂ ನಿಮಗೆ ಚಿಂತೆ ಕಡಿಮೆ.